ಹೆಸರಿನ ಜೊತೆ ಬಂದ ಅತ್ತೆ

ಎತೆಲ್ಕಾಗೆ ಎರಡು ಹೆಸರಿದ್ದವು. ಮನೆಯಲ್ಲಿ, ಚರ್ಚಿನಲ್ಲಿ, ಬ್ರೆಡ್ಡಿಗೆ ನಿಲ್ಲುವ ಸಾಲಿನಲ್ಲಿ ಅವಳು ಎತೆಲ್ಕಾ. ಟೆಲಿಫೋನ್ ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತು ತಲೆಗೆ ಹೆಡ್‌ಫೋನ್ ಏರಿಸಿದ ಮೇಲೆ ಅವಳು ಕ್ಲುಜ್. ರೊಮೇನಿಯಾದ ಆ ಊರಿನ ಹೆಸರೇ ಅವಳ ಹೆಸರು. ಹೊರಗಿನಿಂದ ಕರೆ ಬಂದರೆ ಎದುರಿನ ಹಲಗೆಯಲ್ಲಿ ಒಂದು ಪುಟ್ಟ ದೀಪ ಹತ್ತಿಕೊಳ್ಳುತ್ತದೆ. ತಂತಿಯ ತುದಿಯನ್ನು ಅದರ ಕೆಳಗಿನ ತೂತಿಗೆ ಚುಚ್ಚಿ ಅವಳು “ಇಲ್ಲಿ ಕ್ಲುಜ್” ಅನ್ನುತ್ತಾಳೆ. ಆ ಕಡೆಯಿಂದ ಇನ್ನೊಬ್ಬಳು “ಇಲ್ಲಿ ಒರಾದ್ಯಾ” ಎಂದೋ “ಇಲ್ಲಿ ಬ್ರಾಶೋವ್” ಎಂದೋ ಹೇಳುತ್ತಾಳೆ. ಹಾಗೆ ದಿನವಿಡೀ ಊರುಗಳು ಊರುಗಳನ್ನು ಮಾತಾಡಿಸುತ್ತವೆ. ಜಡೆ ಹೆಣೆದುಕೊಳ್ಳುವ ವಯಸ್ಸಿನಲ್ಲಿ ಸೇರಿದ ಕೆಲಸ. ಈಗ ತಲೆ ನರೆತಿತ್ತು, ಮೊಣಕಾಲ ಕೆಳಗಿನ ನರಗಳು ಉಬ್ಬಿ ಗಂಟುಗಂಟಾಗಿದ್ದವು, ಸಂಜೆಯಾಗುವಷ್ಟರಲ್ಲಿ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ.

ಈ ಊರುಗಳ ಪೈಕಿ ಅವಳಿಗೆ ಹತ್ತಿರದವಳೆಂದರೆ ದೇವಾ. ದೇವರಲ್ಲ, ದೇವಾ ಅನ್ನುವುದು ಅಲ್ಲಿಂದ ತೆಂಕಣಕ್ಕೆ, ಕೋಟೆಗುಡ್ಡದ ಬುಡದಲ್ಲಿರುವ ಊರು. ಲೈನು ಕೆಟ್ಟ ದಿನ ಎತೆಲ್ಕಾ “ದೇವಾ, ಕೇಳಿಸ್ತಿದೆಯಾ? ದೇವಾ!” ಎಂದು ಕೂಗುವುದನ್ನು ನಮ್ಮ ಕಡೆಯವರು ಯಾರಾದರೂ ಕೇಳಿದ್ದರೆ, ಪಾಪ, ಈ ಹೆಂಗಸಿಗೆ ಏನು ಕಷ್ಟ ಬಂತೋ ಅಂದುಕೊಳ್ಳುತ್ತಿದ್ದರು. ಕಷ್ಟವೇನೋ ಇತ್ತು. ಆದರೆ ಅವಳು ಕೂಗುತ್ತಿದ್ದದ್ದು ಸೂರ್ಯಕಾಂತಿ ಬೀಜ ಕಡಿಯುತ್ತ, ನಡುನಡುವೆ ಕೆಮ್ಮುತ್ತ ಕೂತಿರುವ ಒಬ್ಬ ಹೆಂಗಸನ್ನು. ಇಬ್ಬರೂ ಹಂಗೇರಿಯನ್ನರು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಅವಳ ನಿಜವಾದ ಹೆಸರೇನೆಂದು ಎತೆಲ್ಕಾ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಒಂದು ಕರೆ ಹತ್ತುವ ಮೊದಲು ಲೈನು ಸುಮ್ಮನೆ ಕಾಯುವ ಹೊತ್ತಿರುತ್ತದಲ್ಲ, ಅಷ್ಟರಲ್ಲೇ ಅವರ ಸುಖದುಃಖ ಮುಗಿಯಬೇಕು. ಲೈನಿನ ಮೇಲೆ ರೊಮೇನಿಯನ್ ಬಿಟ್ಟು ಹಂಗೇರಿಯನ್ ಮಾತಾಡುವಂತಿರಲಿಲ್ಲ. ಆದರೂ ಮಾತಾಡುತ್ತಿದ್ದರು, ತುಟಿ ಮೈಕಿಗೆ ಒತ್ತಿಕೊಂಡು.

೧೯೭೪ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಸೂಪರ್‌ವೈಸರ್ ಸವೆತಾ ಎಲ್ಲರನ್ನೂ ನಿಲ್ಲಿಸಿ ಆಜ್ಞೆ ಓದಿದಳು. ಸವೆತಾ ರೊಮೇನಿಯನ್ ಹೆಂಗಸು. ಆ ಊರಲ್ಲೇ ಹುಟ್ಟಿ, ಹಂಗೇರಿಯನ್ ಮಕ್ಕಳ ಜೊತೆ ಬೀದಿಯಲ್ಲಿ ಆಡಿ ಬೆಳೆದವಳಾದ್ದರಿಂದ ಹಂಗೇರಿಯನ್ ಅವಳಿಗೆ ಎತೆಲ್ಕಾಳಷ್ಟೇ ಚೆನ್ನಾಗಿ ಬರುತ್ತಿತ್ತು. ಸೂಪರ್‌ವೈಸರ್ ಆದ ಮೇಲೆ ಬರುವುದಿಲ್ಲ ಅನ್ನುವಂತೆ ಇದ್ದಳು.

“ಇವತ್ತಿನಿಂದ ಬರೀ ಕ್ಲುಜ್ ಅನ್ನೋ ಹಾಗಿಲ್ಲ,” ಅಂದಳು. “ಕ್ಲುಜ್-ನಪೋಕಾ ಅನ್ಬೇಕು. ರೋಮನ್ನರ ಕಾಲದಲ್ಲಿ ಈ ಊರಿಗೆ ನಪೋಕಾ ಅಂತಿದ್ರು. ಆ ಹೆಸರನ್ನ ಈಗ ಸೇರಿಸಿದಾರೆ. ಎಲ್ರೂ ಪೂರ್ತಿ ಹೇಳ್ಬೇಕು, ನುಂಗ್ಬಾರ್ದು.”

“ಯಾರಾದ್ರೂ ರೋಮನ್ನರು ಫೋನ್ ಮಾಡಿದ್ರೆ ಗುರುತು ಸಿಗ್ಲಿ ಅಂತ ಇರ್ಬೇಕು,” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

“ಯಾರದು?”

ಯಾರೂ ಅಲ್ಲ. ಎಲ್ಲರೂ ತಂತಮ್ಮ ಹಲಗೆ ನೋಡುತ್ತಿದ್ದರು.

ರೋಮನ್ನರು ಆ ಊರು ಬಿಟ್ಟು ಹೋಗಿ ಹದಿನೇಳು ಶತಮಾನ ಕಳೆದಿತ್ತು. ಹೋದವರು ಹೋದರು, ಅವರ ಪಾಡಿಗೆ ಅವರನ್ನು ಮಲಗಲು ಬಿಡಬಹುದಿತ್ತು. ಆದರೆ ಈ ನೆಲ ಮೊದಲಿನಿಂದಲೂ ಯಾರದ್ದು, ಹಂಗೇರಿಯನ್ನರದ್ದೋ ರೊಮೇನಿಯನ್ನರದ್ದೋ ಅನ್ನುವ ಜಗಳ ಹತ್ತಿದಾಗ, ತಾವು ರೋಮನ್ನರ ವಂಶದವರು ಅನ್ನುವ ಮೇಲಿನವರಿಗೆ ಸತ್ತವರ ಸಾಕ್ಷಿ ಬೇಕಾಗುತ್ತದೆ. ಎತೆಲ್ಕಾಗೆ ಆ ಜಗಳದಲ್ಲಿ ಆಸಕ್ತಿ ಇರಲಿಲ್ಲ. ಇದು ಅವಳ ಬಾಯಿಗೆ ಬಂದ ಮೂರನೆಯ ಹೆಸರು. ಯುದ್ಧದ ಕಾಲದಲ್ಲಿ ಹಂಗೇರಿಯ ಆಡಳಿತವಿದ್ದಾಗ ಕೆಲಸಕ್ಕೆ ಸೇರಿ “ಇಲ್ಲಿ ಕೊಲೊಜ್ವಾರ್” ಎಂದು ಕಲಿತಿದ್ದಳು. ಯುದ್ಧ ಮುಗಿದು ರೊಮೇನಿಯಾ ಬಂದಾಗ ಅದನ್ನು ಮರೆತು “ಇಲ್ಲಿ ಕ್ಲುಜ್” ಎಂದು ಕಲಿತಳು. ಆಗ ವಯಸ್ಸಿತ್ತು, ಒಂದು ಚಳಿಗಾಲದಲ್ಲಿ ನಾಲಿಗೆ ತಿರುಗಿತು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ಸುಳ್ಳು. ವಯಸ್ಸಾದ ಮೇಲೆ ಅದಕ್ಕೂ ಎಲುಬು ಬರುತ್ತದೆ. ದೀಪ ಹತ್ತಿದ ಕೂಡಲೇ ಅವಳ ಬಾಯಿಂದ “ಇಲ್ಲಿ ಕ್ಲುಜ್” ಬಂದು ಬೀಳುತ್ತಿತ್ತು, ಬಾಗಿಲು ಹಾಕಿಕೊಳ್ಳುತ್ತಿತ್ತು. ನಪೋಕಾ ಹೊರಗೇ ಉಳಿಯುತ್ತಿತ್ತು.

ಸವೆತಾಳ ಹತ್ತಿರ ಒಂದು ಬೇರೆ ತಂತಿ ಇತ್ತು. ಯಾರ ಬೆನ್ನ ಹಿಂದೆ ಬೇಕಾದರೂ ನಿಂತು, ಅದನ್ನು ಟಕ್ ಎಂದು ಚುಚ್ಚಿ ಕೇಳಿಸಿಕೊಳ್ಳಬಹುದಿತ್ತು. ಆ ಟಕ್ ಎಲ್ಲರಿಗೂ ಕೇಳಿಸುತ್ತಿತ್ತು. ಕೇಳಿಸಿದ ಮೇಲೂ ಎತೆಲ್ಕಾ ಬರೀ ಕ್ಲುಜ್ ಅಂದುಬಿಡುತ್ತಿದ್ದಳು.

“ಬೇಕಂತ ಮಾಡ್ತೀಯಾ?” ಎಂದು ಸವೆತಾ ಕೊನೆಗೊಂದು ದಿನ ಅವಳನ್ನು ಕಿಟಕಿಯ ಹತ್ತಿರ ಕರೆದು ಕೇಳಿದಳು.

“ಇಲ್ಲ ಕಾಮ್ರೇಡ್. ಸುಸ್ತು. ಬಾಯಿ ಅಲ್ಲಿಗೇ ನಿಂತ್ಬಿಡುತ್ತೆ.”

“ಸುಸ್ತು ಅಂತ ನಾನು ಮೇಲಕ್ಕೆ ಬರೆಯೋಕಾಗುತ್ತಾ? ಅವರು ಅದನ್ನ ಸುಸ್ತು ಅಂತ ಓದ್ತಾರಾ? ಇನ್ನೊಂದ್ಸಲ ಹೀಗಾದ್ರೆ ನಿನ್ನ ಕೇಬಲ್ ಗೋದಾಮಿಗೆ ಕಳಿಸ್ಬೇಕಾಗುತ್ತೆ. ಆಮೇಲೆ ನನ್ನ ಬೈಕೋಬೇಡ.”

ಕೇಬಲ್ ಗೋದಾಮು ಊರಾಚೆ, ಹೊಸ ಬಡಾವಣೆಯ ಕೊನೆಯಲ್ಲಿ. ಅಲ್ಲಿ ನಿಂತೇ ಕೆಲಸ. ಕಾಲು ಹೋದರೆ ಹೋಗಲಿ ಅನ್ನಬಹುದಿತ್ತು. ಮಧ್ಯಾಹ್ನ ಏನು ಮಾಡುವುದು? ಎಕ್ಸ್‌ಚೇಂಜಿನಿಂದ ಎತೆಲ್ಕಾಳ ಮನೆಗೆ ಒಂದು ಬೀದಿ ದಾಟಿದರಾಯಿತು. ಊಟದ ಬಿಡುವಿನಲ್ಲಿ ಅವಳು ಓಡಿ ಮನೆಗೆ ಹೋಗಿ, ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಬದಲಿಸಿ, ಒದ್ದೆ ಬಟ್ಟೆ ತೆಗೆದು, ಶಾಜೀರಿಗೆ ಸಾರು ಕುಡಿಸಿ, ಮತ್ತೆ ಓಡಿ ಬರುತ್ತಿದ್ದಳು. ಗೋದಾಮಿಗೆ ಹಾಕಿದರೆ ಮುದುಕಿ ಬೆಳಗಿನಿಂದ ಸಂಜೆಯವರೆಗೆ ಒದ್ದೆಯಲ್ಲೇ, ಹಸಿವಿನಲ್ಲೇ ಬಿದ್ದಿರಬೇಕು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಎತೆಲ್ಕಾಳ ಗಂಡ ದೇನೆಶ್ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ.

ಅತ್ತೆಯ ಹೆಸರು ಬೋರ್ಬಾಲಾ. ಊರಂಚಿನ ತರಕಾರಿ ತೋಟದವರ ಪೈಕಿ. ಅರ್ಧ ಶತಮಾನ ಕೋಸು, ಈರುಳ್ಳಿ, ಸಬ್ಬಸಿಗೆ ಬುಟ್ಟಿಯಲ್ಲಿ ಹೊತ್ತು ಸಂತೆಗೆ ಬಂದವಳು, ಸಂತೆಯಾಚೆ ಬೇರೆ ಊರು ಕಂಡವಳಲ್ಲ. ತೋಟವಿದ್ದ ಜಾಗದಲ್ಲಿ ಎತ್ತರದ ಕಟ್ಟಡಗಳು ಎದ್ದ ಮೇಲೆ ಒಂದು ಗಂಟು ಬಟ್ಟೆ, ಒಂದು ಬೈಬಲ್, ಒಂದು ಕೋಸು ಹೆರೆಯುವ ಮಣೆ ಹಿಡಿದು ಸೊಸೆಯ ಎರಡು ಕೋಣೆಗೆ ಬಂದಿದ್ದಳು. ಮಗ ಸತ್ತಿದ್ದ, ಸೊಸೆಯ ಮೇಲಿನ ಮುನಿಸು ಸತ್ತಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿ, ಕಂಬಳಿಗೆ ಬಿಸಿಲು ಕಾಣಿಸಿಲ್ಲ, ನೀನು ಫೋನ್ ಮುಂದೆ ಕೂತು ಹರಟೋದು ಬಿಟ್ಟಿದ್ರೆ ನನ್ನ ಮಗ ಉಳೀತಿದ್ದ, ಹೀಗೆ. ಎರಡು ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಾಯೊಂದೇ ಗಟ್ಟಿ ಉಳಿದಿತ್ತು. ಬೇಗ ಹೋಗಬಾರದೇ ಈ ಮುದುಕಿ ಎಂದು ಎತೆಲ್ಕಾಗೆ ಅನಿಸದೆ ಇರಲಿಲ್ಲ. ಅನಿಸಿದ್ದಕ್ಕೆ ಅವಳು ನಾಚಿಕೊಳ್ಳಲೂ ಇಲ್ಲ. ನಾಚಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಇದರ ಮಧ್ಯೆ ಒಂದು ತಮಾಷೆಯೂ ನಡೆಯಿತು. ಬ್ರೆಡ್ಡಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರು ಬಾಲಿಂತ್ ಟೋಪಿ ತೆಗೆದು ಅವಳ ಕೈ ಹಿಡಿದುಕೊಂಡರು. ಎರಡೂ ಕೈಯಲ್ಲಿ.

“ಕೇಳ್ದೆ ತಾಯಿ, ಕೇಳ್ದೆ. ಆ ಹೆಸರು ಹೇಳೋದೇ ಇಲ್ವಂತೆ ನೀವು! ನಮ್ಮವರಲ್ಲಿ ಇನ್ನೂ ಬೆನ್ನುಮೂಳೆ ಇದೆ ಅಂತಾಯ್ತು.”

“ಮೇಷ್ಟ್ರೇ, ಅದೇನಿಲ್ಲ. ನಂಗೆ ಮರ್ತು ಹೋಗುತ್ತೆ ಅಷ್ಟೇ.”

“ಹೌದೌದು,” ಎಂದು ಮೇಷ್ಟ್ರು ಕಣ್ಣು ಮಿಟುಕಿಸಿದರು. “ಮರ್ತು ಹೋಗುತ್ತೆ. ಹಾಗೇ ಹೇಳ್ಬೇಕು.”

ಅವಳಿಗೆ ಅಳು ಬಂತು. ಒಬ್ಬರಿಗೆ ಅವಳು ದ್ರೋಹಿ, ಇನ್ನೊಬ್ಬರಿಗೆ ವೀರವನಿತೆ. ದಣಿದಿದ್ದಾಳೆ ಎಂದು ನಂಬುವವರು ಒಬ್ಬರೂ ಇಲ್ಲ. ಮೇಷ್ಟ್ರು ಬಂದು ಮಧ್ಯಾಹ್ನ ಮುದುಕಿಗೆ ಸಾರು ಕುಡಿಸುತ್ತಾರೆಯೇ? ಕುಡಿಸುವುದಿಲ್ಲ. ಟೋಪಿ ಹಾಕಿಕೊಂಡು ಮನೆಗೆ ಹೋಗುತ್ತಾರೆ.

ಮಾರನೆಯ ದಿನ ಲೈನು ಕಾಯುತ್ತಿದ್ದಾಗ ಅವಳು ಇದನ್ನೆಲ್ಲ ದೇವಾಗೆ ಪಿಸುಗುಟ್ಟಿದಳು. ಗೋದಾಮಿನ ವಿಷಯ, ಮಧ್ಯಾಹ್ನದ ಸಾರಿನ ವಿಷಯ. ಸವೆತಾ ಆಗ ಆಚೆ ಸಾಲಿನಲ್ಲಿದ್ದಳು, ಅಥವಾ ಹಾಗೆಂದು ಎತೆಲ್ಕಾ ಅಂದುಕೊಂಡಿದ್ದಳು. ದೇವಾ ಬೀಜದ ಸಿಪ್ಪೆ ಉಗಿದಳು. ಆಮೇಲೆ ಗೊರಗೊರ ನಗತೊಡಗಿದಳು.

“ಏನೇ ಅದು ಹೆಸರು? ಇನ್ನೊಂದ್ಸಲ ಹೇಳು.”

“ನಪೋಕಾ.”

“ಅಯ್ಯೋ ಹುಚ್ಚಿ, ನಿಮ್ಮತ್ತೆ ಕಣೇ ಅದು!”

ನಿಜ. ತೋಟದವರ, ಹಳ್ಳಿಯವರ ಹಳೇ ಹಂಗೇರಿಯನ್ನಿನಲ್ಲಿ ‘ನಪ’ ಅಂದರೆ ಅತ್ತೆ. ಅದಕ್ಕೊಂದು ಮುದ್ದಿನ ಬಾಲ ಅಂಟಿಸಿದರೆ ನಪೋಕಾ, ಅತ್ತೆಮ್ಮ. ರೋಮನ್ನರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ರಾಜಧಾನಿ ಬುಖಾರೆಸ್ಟಿನಲ್ಲಿ ಕೂತು ಹೆಸರು ಸೇರಿಸಿದವರಿಗಂತೂ ಮೊದಲೇ ಗೊತ್ತಿಲ್ಲ.

“ಕ್ಲುಜ್ ಪಾಪ ಇಷ್ಟು ದಿನ ಒಬ್ಳೇ ಆರಾಮಾಗಿದ್ಳು,” ದೇವಾ ಕೆಮ್ಮಿನ ನಡುವೆಯೇ ಹೇಳಿದಳು. “ಈಗ ಅತ್ತೆ ಬಂದು ಸೇರ್ಕೊಂಡ್ಳು. ನೋಡು, ಬಾಯಿಪಾಠ ಮಾಡ್ಬೇಡ. ಕ್ಲುಜ್ ಅನ್ನು, ಮನೇಲಿ ಮಲಗಿರೋ ಮುದುಕೀನ ನೆನೆಸ್ಕೋ. ಅವಳಾಗಿ ಅವಳೇ ಹಿಂದೆ ಬರ್ತಾಳೆ. ಅವಳನ್ನ ಬಿಟ್ಟು ನೀನು ಎಲ್ಲಿಗಾದ್ರೂ ಹೋಗಿದ್ದುಂಟಾ?”

ಎತೆಲ್ಕಾಗೆ ಎಷ್ಟೋ ದಿನದ ಮೇಲೆ ನಗು ಬಂತು. ಮುಂದಿನ ದೀಪ ಹತ್ತಿತು. “ಇಲ್ಲಿ ಕ್ಲುಜ್” ಅಂದಳು, ಒದ್ದೆ ಬಟ್ಟೆಯ ವಾಸನೆ, ಆ ಸಿಡುಕು ಮುಖ, ಉಪ್ಪು ಕಮ್ಮಿ ಅನ್ನುವ ದನಿ ನೆನಪಾಯಿತು, “ನಪೋಕಾ” ಬಂತು. ಸಲೀಸಾಗಿ ಬಂತು. ಅವತ್ತಿನಿಂದ ತಪ್ಪಲಿಲ್ಲ. ಸವೆತಾ ನಾಲ್ಕಾರು ದಿನ ಟಕ್ ಎಂದು ತಂತಿ ಚುಚ್ಚಿ ಕೇಳಿದಳು, ಆಮೇಲೆ ಅವಳ ಬೆನ್ನು ಬಿಟ್ಟಳು. ಕುರ್ಚಿ ಉಳಿಯಿತು. ಮಧ್ಯಾಹ್ನದ ಸಾರು ಉಳಿಯಿತು.

ದೇವಾ ಆ ಉಪಾಯ ಹೇಳಿಕೊಟ್ಟ ದಿನವೇ ಸಂಜೆ ಮುದುಕಿ ಎಂದಿನಂತೆ ಗೊಣಗುತ್ತಿದ್ದಾಗ ಎತೆಲ್ಕಾ ಬಾಯಿತಪ್ಪಿ ಹೇಳಿಬಿಟ್ಟಳು. “ಅತ್ತೆ, ಸುಮ್ನಿರಿ ಸ್ವಲ್ಪ. ಇವತ್ತಿಡೀ ನಿಮ್ಮ ಹೆಸರೇ ಕೂಗಿ ಕೂಗಿ ಗಂಟಲು ಒಣಗಿದೆ.”

“ನನ್ನ ಹೆಸರಾ? ಯಾಕೆ?”

ಎತೆಲ್ಕಾ ವಿವರಿಸಿದಳು. ಊರಿನ ಹೆಸರಿಗೆ ಅತ್ತೆ ಸೇರಿದ್ದು, ಅವಳನ್ನು ನೆನೆಯದೆ ಹೆಸರು ಬಾರದ್ದು. ಬೈಗುಳಕ್ಕೆ ಸಿದ್ಧಳಾಗಿದ್ದಳು. ಮುದುಕಿ ಕತ್ತು ಅವಳ ಕಡೆ ತಿರುಗಿಸಿದಳು.

“ಬುಖಾರೆಸ್ಟ್‌ಗೂ ಕೂಗಿದ್ಯಾ?”

“ಕೂಗ್ದೆ.”

“ಅಲ್ಲಿಯವರಿಗೆ ಕೇಳಿಸ್ತಾ?”

“ಚೆನ್ನಾಗಿ ಕೇಳಿಸ್ತು.”

“ಹೂಂ,” ಅಂದಳು ಬೋರ್ಬಾಲಾ. ಆ ದಿನ ಸಾರಿಗೆ ಉಪ್ಪು ಕಮ್ಮಿ ಅನ್ನಲಿಲ್ಲ.

ಮರುದಿನ ಸಂಜೆ ಸೊಸೆ ಕೋಟು ಬಿಚ್ಚುವ ಮೊದಲೇ ಮುದುಕಿ ಕೇಳಿದಳು: “ಇವತ್ತು ಯಾವ್ಯಾವ ಊರಿಗೆ ಹೋಗ್ಬಂದೆ ನಾನು?”

ಅದು ದಿನದ ಆಟವಾಯಿತು. ಎತೆಲ್ಕಾ ಅವಳ ಕಾಲು ಉಜ್ಜುತ್ತ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುತ್ತ ಊರುಗಳ ಹೆಸರು ಹೇಳಬೇಕು. ಬ್ರಾಶೋವ್‌ಗೆ ಹೋಗಿದ್ರಿ. ಯಾಶಿಗೆ ಹೋಗಿದ್ರಿ, ಅಲ್ಲಿ ಲೈನು ಕೆಟ್ಟು ನಿಮ್ಮನ್ನ ಎರಡು ಸಲ ಕೂಗ್ಬೇಕಾಯ್ತು. ಮುದುಕಿಗೆ ಎರಡು ಸಲ ಕೂಗಿಸಿಕೊಂಡದ್ದು ಇಷ್ಟವಾಗುತ್ತಿತ್ತು.

“ಕಾನ್ಸ್ತಾಂತ್ಸಾ?”

“ಹೋಗಿದ್ರಿ.”

“ಅಲ್ಲಿ ಸಮುದ್ರ ಇದೆ ಅಲ್ವಾ?”

“ಇದೆ.”

“ನೋಡ್ದೆನಾ?”

“ನೋಡಿದ್ರಿ ಅತ್ತೆ. ಕಾಲು ತೊಳ್ಕೊಂಡ್ರಿ.”

“ಸುಳ್ಳಿ,” ಎಂದು ಮುದುಕಿ ಕಣ್ಣು ಮುಚ್ಚುತ್ತಿದ್ದಳು. “ದೇವಾಗೆ?”

“ದೇವಾಗೆ ದಿನಾ ಹೋಗ್ತೀರಲ್ಲ.”

ಇದರಿಂದ ಅತ್ತೆ-ಸೊಸೆ ತಾಯಿ-ಮಗಳಾದರು ಎಂದೇನೂ ತಿಳಿಯಬೇಡಿ. ಮುದುಕಿ ತಟ್ಟೆ ಎಸೆಯುವುದು ಬಿಡಲಿಲ್ಲ. ಮಗನ ಸಾವನ್ನು ಸೊಸೆಯ ತಲೆಗೆ ಕಟ್ಟುವುದೂ ಬಿಡಲಿಲ್ಲ. ಎತೆಲ್ಕಾ ಬಟ್ಟೆ ಹಿಂಡುತ್ತ, ಈ ಜನ್ಮದಲ್ಲಿ ತನಗೆ ನಿದ್ದೆ ಇಲ್ಲ ಎಂದು ಶಪಿಸಿಕೊಳ್ಳುತ್ತಲೇ ಇದ್ದಳು. ದಣಿವು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಆದರೆ ಹಗಲು ದೀಪ ಹತ್ತಿದಾಗಲೆಲ್ಲ ಮುದುಕಿ ಒಂದು ಸಲ ಕಣ್ಣ ಮುಂದೆ ಬಂದು ಹೋಗುತ್ತಿದ್ದಳು. ಹಾಗೆ ದಿನವಿಡೀ ನೆನೆಯುವವರ ಮೇಲೆ ಪೂರ್ತಿ ಕೋಪ ಇಟ್ಟುಕೊಳ್ಳುವುದು ಕಷ್ಟ. ಅದು ಅವಳಿಗೇ ತಿಳಿಯದೆ ಆದದ್ದು.

ಚಳಿಗಾಲ ಕಳೆಯುವಾಗ ಬೋರ್ಬಾಲಾ ಊಟ ಬಿಟ್ಟಳು. ಡಾಕ್ಟರ್ ಬಂದು ನೋಡಿ, ಚೀಲ ಮುಚ್ಚಿ, ಚಳಿ ಇನ್ನೂ ಬಿಟ್ಟಿಲ್ಲ ನೋಡಿ ಎಂದು ಹವೆಯ ಮಾತಾಡಿ ಹೋದರು. ಮಾರ್ಚಿನ ಒಂದು ಮಂಗಳವಾರ ಮಧ್ಯಾಹ್ನ ಎತೆಲ್ಕಾ ಮನೆಗೆ ಬಂದಾಗ ಮುದುಕಿಗೆ ಎಚ್ಚರವಿತ್ತು. ಸಾರು ಬಾಯಂಚಿನಿಂದ ಇಳಿದು ಹೋಯಿತು. ಎತೆಲ್ಕಾ ಒರೆಸಿದಳು. ಮುದುಕಿಯ ತುಟಿ ಅಲ್ಲಾಡಿತು. ಸಂಜೆ ಕೇಳಬೇಕಾದ್ದನ್ನು ಮಧ್ಯಾಹ್ನವೇ ಕೇಳುತ್ತಿದ್ದಳು.

“ಇನ್ನೂ ಅರ್ಧ ದಿನ ಇದೆ ಅತ್ತೆ,” ಅಂದಳು ಎತೆಲ್ಕಾ. ಬಿಡುವು ಮುಗಿಯುತ್ತ ಬಂದಿತ್ತು, ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. “ಸಂಜೆ ಬಂದು ಎಲ್ಲಾ ಹೇಳ್ತೀನಿ.”

ಸಂಜೆ ಬಂದಾಗ ಹೇಳಿಸಿಕೊಳ್ಳುವವಳು ಇರಲಿಲ್ಲ. ಎತೆಲ್ಕಾ ಕೋಟು ಬಿಚ್ಚದೆ ಹಾಸಿಗೆಯ ಅಂಚಿನಲ್ಲಿ ಕೂತಳು. ಮೊದಲು ಬಂದದ್ದು ದುಃಖವಲ್ಲ. ಇನ್ನು ಬಟ್ಟೆ ಒಗೆಯುವುದಿಲ್ಲವಲ್ಲ ಎಂಬ ಯೋಚನೆ. ಆಮೇಲೆ ಆ ಯೋಚನೆ ಬಂತಲ್ಲ ಎಂದು ದುಃಖ ಬಂತು. ಅವತ್ತು ಮುದುಕಿ ಹೋಗಿಬಂದ ಊರುಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಹೇಳಿ ಮುಗಿಸಿದಳು. ನಂತರವೇ ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಗುಡ್ಡದ ಮೇಲಿನ ಸ್ಮಶಾನದಲ್ಲಿ ದೇನೆಶ್‌ನ ಪಕ್ಕದಲ್ಲೇ ಹೂತರು. ಪಾದ್ರಿ ಸಣ್ಣದಾಗಿ ಮಾತಾಡಿದರು, ಮೇಷ್ಟ್ರು ಬಾಲಿಂತ್ ದೊಡ್ಡದಾಗಿ ಹಾಡಿದರು. ಎಕ್ಸ್‌ಚೇಂಜಿನವರ ಹೂವಿನ ಚಕ್ರವನ್ನು ಸವೆತಾ ತಾನೇ ಹೊತ್ತು ತಂದಿದ್ದಳು. ಒಳಗೆ ಬರದೆ ಗೇಟಿನ ಹತ್ತಿರ ನಿಂತು, ಎಲ್ಲ ಮುಗಿಯುವವರೆಗೂ ನಿಂತು ಹೋದಳು.

ರಜೆ ಮುಗಿಸಿ ಎತೆಲ್ಕಾ ಕುರ್ಚಿಗೆ ಮರಳಿದಳು. ಈಗ ಕುರ್ಚಿ ಉಳಿಯಲೇಬೇಕೆಂದು ಏನೂ ಇರಲಿಲ್ಲ. ಗೋದಾಮಾದರೇನು, ಎಲ್ಲಾದರೇನು, ಮಧ್ಯಾಹ್ನ ಯಾರೂ ಕಾಯುವುದಿಲ್ಲ. ಹೆಡ್‌ಫೋನ್ ಏರಿಸಿದಳು. ಹಿಂದೆ ಹೆಜ್ಜೆಯ ಸದ್ದಾಯಿತು, ಟಕ್ ಎಂದು ತಂತಿ ಸೇರಿತು. ಸವೆತಾ ಬಹಳ ದಿನದ ಮೇಲೆ ಮತ್ತೆ ಅವಳ ಬೆನ್ನಿಗೆ ನಿಂತಿದ್ದಳು. ದೀಪ ಹತ್ತಿತು.

“ಇಲ್ಲಿ ಕ್ಲುಜ್,” ಅಂದಳು ಎತೆಲ್ಕಾ.

ಅಲ್ಲಿಗೆ ನಿಂತಿತು. ಎಂದಿನಂತೆ ಮುದುಕಿಯನ್ನು ನೆನೆದಳು. ಕಂಡದ್ದು ಮಡಿಚಿಟ್ಟ ಕಂಬಳಿ, ಖಾಲಿ ಮಂಚ. ಉಳಿದರ್ಧ ಹೆಸರು ಎಲ್ಲಿಂದ ಬರಬೇಕೋ ಅಲ್ಲಿ ಯಾರೂ ಇರಲಿಲ್ಲ.

ಆ ಕಡೆ ದೇವಾ. ಅವಳು ನಂಬರ್ ಹೇಳಲಿಲ್ಲ. ಬೀಜ ಕಡಿಯುವ ಸದ್ದೂ ನಿಂತಿತು.

“ಕ್ಲುಜ್,” ಎಂದಳು ಕೊನೆಗೆ, ಹಂಗೇರಿಯನ್ನಿನಲ್ಲೇ, ಮೆಲ್ಲಗೆ. “ಒಬ್ಳೇ ಆಗ್ಬಿಟ್ಯೇನೇ?”

“ಹೂಂ,” ಅಂದಳು ಎತೆಲ್ಕಾ.

ಹಿಂದಿನಿಂದ ಮತ್ತೆ ಟಕ್ ಎಂದಿತು. ಸವೆತಾ ತಂತಿ ಕಿತ್ತುಕೊಂಡಿದ್ದಳು. ಅದನ್ನು ಕೈಗೆ ಸುತ್ತಿಕೊಳ್ಳುತ್ತ ಕಿಟಕಿಯ ಕಡೆ ಹೋಗಿ, ಬೀದಿ ನೋಡುತ್ತ ನಿಂತಳು.

“ದೇವಾ, ಕೇಳಿಸ್ತಿದೆಯಾ?”

“ಕೇಳಿಸ್ತಿದೆ ಕಣೇ. ಹೇಳು.”

ಹಲಗೆಯಲ್ಲಿ ಆಗಲೇ ಇನ್ನೆರಡು ದೀಪ ಹತ್ತಿದ್ದವು. ಎತೆಲ್ಕಾ ಕೈಬೆರಳಿನಿಂದ ಕಣ್ಣೊರೆಸಿಕೊಂಡು, ಯಾವ ನಂಬರ್ ಬೇಕೆಂದು ಕೇಳಿ, ದೇವಾಳ ಕರೆಯನ್ನು ಸೇರಿಸಿದಳು. ಆಮೇಲೆ ಮುಂದಿನ ದೀಪಕ್ಕೆ ತಂತಿ ಚುಚ್ಚಿದಳು. ಅದು ಕಾನ್ಸ್ತಾಂತ್ಸಾ, ಅತ್ತೆ ಕಾಲು ತೊಳೆದುಕೊಂಡ ಸಮುದ್ರದ ಊರು. ಅವಳು ತನ್ನ ಊರಿನ ಹೆಸರನ್ನು ಪೂರ್ತಿಯಾಗಿ ಹೇಳಿದಳು.